ಮುಳ್ಳು ಸೊನ್ನೆಗೆ ಬಂದ ಮೇಲೆ

ಗೋಬಿಯ ಕಲ್ಲಿದ್ದಲ ಗಣಿಯಲ್ಲಿ ಮಾರ್ಚ್ ಎಂದರೆ ಇನ್ನೂ ಚಳಿಗಾಲ.
ತಗಡಿನ ಶೆಡ್ಡಿನೊಳಗೆ ನಾವು ಏಳು ಮಂದಿ,
ನಡುವೆ ಮೂರಾಳುದ್ದ ಬಿಚ್ಚಿ ಮಲಗಿಸಿದ
ಹರಿದ ಬೆಲ್ಟು.

ಓಯುನ್‌ದೆಲ್ಗೆರ್ ಮೊದಲು ತೋರಿಸಿದ್ದು ಯಂತ್ರವನ್ನಲ್ಲ, ಬೀಗವನ್ನು.
ಕೆಂಪು ಬೀಗ, ಆಳಿಗೊಂದು.
‘ಮೋಟಾರಿನ ಸ್ವಿಚ್ಚಿಗೆ ಏಳೂ ಬೀಳಲಿ.
ಕೀಲಿ ನಿಮ್ಮ ಜೇಬಲ್ಲಿ.
ಹೆಂಡತಿ ಕೇಳಿದರೂ ಕೊಡಬೇಡಿ,
ಮೇಸ್ತ್ರಿ ಕೇಳಿದರಂತೂ ಕೊಡಲೇಬೇಡಿ.’
ನಾವು ನಕ್ಕೆವು. ಅವಳು ನಗಲಿಲ್ಲ,
ಒಂದೊಂದೇ ಬೀಗ ಎಳೆದು ನೋಡಿದಳು.

ಎರಡನೆಯ ದಿನ ಚಾಕು.
ಮೈಯಿಂದಾಚೆಗೆ ಓಡಬೇಕು ಅಲಗು,
ಪದರ ಪದರ ಸುಲಿಯಬೇಕು, ಒಳಗಿನ ಬಟ್ಟೆಗೆ ಗೀರು ಬೀಳದಂತೆ.
ಅಂಟಿನ ಡಬ್ಬದ ಮುಚ್ಚಳ ತೆಗೆಯುವ ಮೊದಲೇ
ಒಲೆ ಆರಿತು, ಸಿಗರೇಟು ಆರಿತು, ಚಹಾ ಆರಿತು.
ಹೊರಗಿನ ಯಂತ್ರ ಕೊಳವೆಯಲ್ಲಿ ಊದುವ ಬಿಸಿಗಾಳಿ
ಬೆಲ್ಟಿಗೆ ಮಾತ್ರ, ನಮಗಲ್ಲ.
ಎರಡೂ ಬಾಗಿಲು ತೆರೆದಿಟ್ಟು ಹೇಳಿದಳು:
‘ತಲೆ ಹಗುರಾಯಿತೆನ್ನಿಸಿದರೆ ಹೊರಗೆ ಹೋಗಿ.
ಹಿತವಾಯಿತೆನ್ನಿಸಿದರೆ ಓಡಿ.’

ಅಂಟು ಒಣಗಿತೋ ಇಲ್ಲವೋ
ಬೆರಳ ಗೆಣ್ಣಿನ ಹಿಂಬದಿಯಿಂದ ಕೇಳಬೇಕು:
ಹಿಡಿಯಬೇಕು, ಜೊತೆಗೆ ಬರಬಾರದು.
ಅಂಟಿಯೂ ಅಂಟದ ಹಾಗೆ.

ಲುವ್ಸಾನ್‌ದಾಶ್ ಎಂಬ ಮುದುಕನಿದ್ದ ನಮ್ಮಲ್ಲಿ,
ಒಂದು ಬಿಳಿ ಹಿಮದ ವರುಷ ಕುದುರೆಗಳನ್ನೆಲ್ಲ ಕಳಕೊಂಡು ಗಣಿಗೆ ಬಂದವ.
ಪಾಠ ಬರೆದುಕೊಳ್ಳುತ್ತಿರಲಿಲ್ಲ.
‘ಉಣ್ಣೆ ಹಾಸುವುದೂ ಹೀಗೇ,’ ಅಂದ ಒಮ್ಮೆ,
‘ಪದರದ ಮೇಲೆ ಪದರ, ನೀರು, ಭಾರ.
ಆದರೆ ಉಣ್ಣೆ ಯಾರನ್ನೂ ಸುಡುವುದಿಲ್ಲ.’

ಮೂರನೆಯ ದಿನ ಕೆಳಗೆ ತೊಲೆ, ಅದರ ಮೇಲೆ ಕಾವಲಿ,
ಬೆಲ್ಟು, ಮತ್ತೆ ಕಾವಲಿ, ಒತ್ತಡದ ಚೀಲ, ಮತ್ತೆ ತೊಲೆ.
ಮೇಲಿನ ತೊಲೆ ಕೆಳಗಿನದರ ನೇರಕ್ಕೇ ಕೂರಬೇಕು.
ಬೋಲ್ಟಿನ ನೇರಕ್ಕೆ ಮಾತ್ರ ಯಾರೂ ನಿಲ್ಲಬಾರದು.
ನೂರ ನಲವತ್ತೈದು ಡಿಗ್ರಿ. ಏಳು ಬಾರ್.
ಆಮೇಲೆ ಏನೂ ಇಲ್ಲ.
ಏನೂ ಮಾಡದೆ ನಿಲ್ಲುವುದೇ ಕೆಲಸ, ನಲವತ್ತು ನಿಮಿಷ.
ಕೈಗಳಿಗೆ ಅದು ಎಂಥ ಶಿಕ್ಷೆ!
ನನ್ನವು ಹೋಗಿ ಹೋಗಿ ಪಾನಾ ಮುಟ್ಟಿ ಬರುತ್ತಿದ್ದವು.
ಕಾವು ಇಳಿಯುವಾಗಲೂ ಒತ್ತಡ ಇಳಿಸುವಂತಿಲ್ಲ,
ಇಳಿಸಿದರೆ ಒಳಗೆ ಬೊಬ್ಬೆ ಏಳುತ್ತದೆ,
ಆರು ತಿಂಗಳಿಗೆ ಒಡೆಯುತ್ತದೆ, ಆಗ ಕೆಳಗೆ ಯಾರಿರುತ್ತಾರೋ.

ಪರೀಕ್ಷೆಯ ದಿನ ನನ್ನ ಸರದಿಯೇ ಮೊದಲು.
ಕಾವು ಅರವತ್ತಕ್ಕೆ ಇಳಿದಿತ್ತು.
ಒತ್ತಡದ ಮುಳ್ಳು ಸೊನ್ನೆಯಲ್ಲಿ.
ಪುಸ್ತಕದಲ್ಲಿದ್ದಂತೆಯೇ ಗಟ್ಟಿಯಾಗಿ ಓದಿದೆ: ‘ಸೊನ್ನೆ.’
ಪಾನಾ ಬೋಲ್ಟಿಗೆ ಹಾಕಿದೆ.
ಮಣಿಕಟ್ಟಿಗೆ ಬಿತ್ತು ಅವಳ ಕೈ,
ಚಿಮಟದಂತೆ.
‘ಸಾಕು. ಪಕ್ಕಕ್ಕೆ ಬಾ.’

ಮತ್ತಿಬ್ಬರು ಓದಿದರು, ಸೊನ್ನೆ, ಸೊನ್ನೆ.
ಅವರೂ ಪಕ್ಕಕ್ಕೆ.

ಮುದುಕ ಬಂದ. ಮುಳ್ಳನ್ನು ನೋಡಿದ,
ಉಗುರಿನಿಂದ ಗಾಜು ತಟ್ಟಿದ, ಅದು ಅಲುಗಲಿಲ್ಲ.
ಕಿವಿಮುಚ್ಚಿನ ಟೊಪ್ಪಿಗೆ ತೆಗೆದ.
ಕವಾಟ ಕೂದಲೆಳೆಯಷ್ಟು ತಿರುಗಿಸಿ
ಬಗ್ಗಿ ನಿಂತ, ಬಸುರಿ ಕುದುರೆಯ ಪಕ್ಕೆಗೆ ಕಿವಿಗೊಟ್ಟವನಂತೆ.

ಸ್‌ಸ್‌ಸ್…

ಚೀಲದಲ್ಲಿ ಉಸಿರಿತ್ತು.
ಯಾರಿಗೂ ಪೆಟ್ಟಾಗದಷ್ಟೇ ಉಳಿಸಿಟ್ಟಿದ್ದಳಂತೆ,
ಮುಳ್ಳು ಹಿಂದಿನ ರಾತ್ರಿಯೇ ಸಿಕ್ಕಿಸಿದ್ದಳಂತೆ.
ಅವನು ಆ ಸದ್ದು ಪೂರ್ತಿ ಮುಗಿಯುವ ತನಕ ನಿಂತ,
ಮುಗಿದ ಮೇಲೂ ಒಂದಿಷ್ಟು ಹೊತ್ತು.

ನಾನು ಮತ್ತೆ ಮೂರು ದಿನ ಕಲಿತೆ, ಪಾಸಾದೆ.
ಆ ಮುಳ್ಳು ಮಾತ್ರ ಕಾಲಿನದರಂತಲ್ಲ, ತೆಗೆಯಲು ಬರಲಿಲ್ಲ.
ಈಗ ರಾತ್ರಿ ಪಾಳಿ. ಬೆಲ್ಟು ನಿಂತ ಗಂಟೆಗೆ
ಎಷ್ಟು ಕೋಟಿ ನಷ್ಟವೆಂದು ವಾಕಿಟಾಕಿ ಅರಚುತ್ತಿದೆ.
ಮುಳ್ಳು ಸೊನ್ನೆಯಲ್ಲಿದೆ.
ನಾನು ಟೊಪ್ಪಿಗೆ ತೆಗೆದಿದ್ದೇನೆ,
ಕಿವಿ ಸೆಟೆದು ಉರಿಯುತ್ತಿದೆ,
‘ಸ್ವಲ್ಪ ಸುಮ್ಮನಿರಿ,’ ಅನ್ನುತ್ತೇನೆ ಹುಡುಗರಿಗೆ,
‘ವಾಕಿಟಾಕಿಯನ್ನೂ ಬಂದ್ ಮಾಡಿ.’